ಪುಸ್ತಕ ಬಿಡಿಸಿ ಹಂಚಿದ ಕಂಡಕ್ಟರ್

ಇಮಾಮುದ್ದೀನ್ ಇಡೀ ಪುಸ್ತಕವನ್ನು ಯಾರಿಗೂ ಕೊಟ್ಟವನಲ್ಲ. ಅದು ಜಿಪುಣತನವಲ್ಲ, ಅವನ ಪದ್ಧತಿ. ದಪ್ಪ ಪುಸ್ತಕ ಕೊಂಡ ಕೂಡಲೇ ಬೈಂಡರ್ ಮಕ್ಬೂಲನ ಅಂಗಡಿಗೆ ಒಯ್ದು, ಹೊಲಿಗೆ ಬಿಚ್ಚಿಸಿ, ತೆಳುವಾದ ಭಾಗಗಳಾಗಿ ಮಾಡಿಸಿ, ಒಂದೊಂದಕ್ಕೂ ಬೇರೆ ರಟ್ಟು ಹಾಕಿಸುತ್ತಿದ್ದ. ಕಲಬುರಗಿ–ಕಮಲಾಪುರ ಬಸ್ಸಿನ ಕಂಡಕ್ಟರ್ ಅವನು. ದಿನಾ ಓಡಾಡುವವರಿಗೆ ಟಿಕೆಟ್ಟಿನ ಜೊತೆ ಒಂದೊಂದು ಭಾಗ ಕೊಡುತ್ತಿದ್ದ. ಓದಿ ಮುಗಿಸಿದವರು ಪಕ್ಕದ ಸೀಟಿನವರ ಜೊತೆ ಬದಲಾಯಿಸಿಕೊಳ್ಳಬೇಕು.

ಮನೆಯಲ್ಲಿ ಸಾವಾದಾಗ ಕುರಾನಿನ ಮೂವತ್ತು ಭಾಗಗಳನ್ನು, ಅಂದರೆ ಪಾರಾಗಳನ್ನು, ಕೂತವರಿಗೆ ಹಂಚುತ್ತಾರೆ. ಒಬ್ಬೊಬ್ಬರು ಒಂದೊಂದು ಓದಿದರೆ ಒಂದೇ ಕೂಟದಲ್ಲಿ ಇಡೀ ಗ್ರಂಥ ಮುಗಿಯುತ್ತದೆ. ಅವನಿಗೆ ಈ ವಿಚಾರ ಹೊಳೆದದ್ದು ಅಲ್ಲಿಂದ. ಚಿಕ್ಕಮ್ಮ ಬಷೀರುನ್ನೀಸಾ ಬೈದಳು.

"ಕುರಾನಿಗೂ ಈ ಪುಸ್ತಕಕ್ಕೂ ಸಮ ಮಾಡಾಕತ್ತೀಯೇನೋ?"

"ತೋಬಾ ತೋಬಾ, ಖಾಲಾ. ಅದರ ಅದಬು, ಮರ್ಯಾದಿನೇ ಬ್ಯಾರೆ. ಹಂಚ್ಕೊಂಡು ಓದೋದಷ್ಟೇ ಅಲ್ಲಿಂದ ಕಲ್ತೀನಿ."

ಕಥೆ ಕಾದಂಬರಿ ಮುಟ್ಟುತ್ತಿರಲಿಲ್ಲ. ಮಣ್ಣು ಹೇಗಾಗುತ್ತದೆ, ಆಕಾಶಕ್ಕೆ ಹೋದ ಯಂತ್ರಗಳು ಏನು ಕಂಡವು, ಹಿಂದಿನ ಮಂದಿ ಏನು ಉಣ್ಣುತ್ತಿದ್ದರು, ಯಾವ ಬಾವಿಯ ನೀರು ಯಾರಿಗೆ ಸಿಗುತ್ತಿತ್ತು, ಯಾರಿಗೆ ಇಲ್ಲ: ಇಂಥವೇ ಬೇಕು. ಜೇವರ್ಗಿ ಕಾಲೋನಿಯ ಬಾಡಿಗೆ ಮನೆಯಲ್ಲಿ ಮೂರು ಹಲಗೆಯ ಕಪಾಟು. ಕೆಳಗೆ ಮಣ್ಣು, ನಡುವೆ ಮಂದಿ, ಮೇಲೆ ಆಕಾಶ. ಇಮಾಮುದ್ದೀನ್ ಎತ್ತರದ ಆಳು; ನಡಿಗೆಯೆಲ್ಲ ಬಸ್ಸಿನದು. ಮನೆಯೊಳಗೂ ಕಾಲು ಅಗಲಿಸಿ ನಿಂತು, ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದೇ ಮಾತಾಡುತ್ತಿದ್ದ, ಮನೆಯೇ ಎಲ್ಲಿ ಬ್ರೇಕ್ ಹಾಕೀತೋ ಎಂಬಂತೆ. ಖಾಕಿ ಅಂಗಿಗೆ ಒಳಜೇಬು ಹೊಲಿದುಕೊಟ್ಟವಳು ಹೆಂಡತಿ ಮುನೀರಾ. ಜೇಬಿನ ಪುಸ್ತಕದ ಮೂಲೆ ತಾಗಿ ಅಂಗಿಗಳೆಲ್ಲ ಒಂದೇ ಕಡೆ ಹರಿಯುತ್ತಿದ್ದವು.

ಮುನೀರಾ ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಆಕೆ ರೊಟ್ಟಿ ಬಡಿಯುವಾಗ ಅವನು ಕನ್ನಡದಲ್ಲಿ ಓದಿ ದಖನಿಯಲ್ಲಿ ಹೇಳುತ್ತಿದ್ದ. ಒಮ್ಮೆ ಚಂದ್ರನ ಮಣ್ಣಿನ ಬಗ್ಗೆ ಓದುತ್ತ ಓದುತ್ತ, ಅಲ್ಲಿ ಎರೆಹುಳಗಳು ನೆಲ ಉಳುತ್ತವೆ ಎಂದ. ಮುನೀರಾ ನಂಬಿದಳು. ಅವನೂ ನಂಬಿದ. ಮರುದಿನ ಬಸ್ಸಿಗೆಲ್ಲ ಹೇಳಿದ. ಆಮೇಲೆ ನೋಡಿದರೆ ಮಕ್ಬೂಲ್ ಮಣ್ಣಿನ ಪುಸ್ತಕದ ಹಾಳೆಗಳನ್ನು ಆಕಾಶದ ಪುಸ್ತಕಕ್ಕೆ ಹೊಲಿದಿದ್ದ. ಬೇರೆಯವರಾದರೆ ಸುಮ್ಮನಾಗುತ್ತಿದ್ದರು. ಇವನು ಮರುದಿನ ಅದೇ ಬಸ್ಸಿನಲ್ಲಿ ಸೀಟಿ ಊದಿ, ಎಲ್ಲರೂ ತಿರುಗಿ ನೋಡಿದ ಮೇಲೆ, "ನಿನ್ನೆ ನಾ ಹೇಳಿದ್ದು ತಪ್ಪದರೀ. ಹುಳ ನಮ್ಮವು, ಚಂದ್ರನವಲ್ಲ" ಎಂದ.

"ಹಂಗಾರ ಟಿಕೆಟ್ ರೊಕ್ಕಾ ವಾಪಸ್ ಕೊಡ್ರಿ," ಎಂದು ಹಿಂದಿನಿಂದ ಯಾರೋ ಕೂಗಿದರು. ಬಸ್ಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ಅವನು ನಕ್ಕ.

ಕೊನೆಗೆ ಓದಿದ್ದು ಆಕಾಶದಲ್ಲಿ ಬಲು ದೂರ ಹೋದ ಒಂದು ಯಂತ್ರದ ವಿಷಯ. ಅದರಲ್ಲಿ ಶಕ್ತಿ ತೀರುತ್ತ ಬಂದಿತ್ತು. ಉಳಿಸಲೆಂದು ಕೆಳಗೆ ಭೂಮಿಯಲ್ಲಿದ್ದವರು ಅದರ ಹೀಟರ್ ಆರಿಸಿದರು. ಆ ಚಳಿಯಲ್ಲಿ ಅದು ಮಾತಾಡೀತೋ ಇಲ್ಲವೋ ಎಂದು ಕಾಯುತ್ತ ಕುಳಿತರು. ಅಲ್ಲಿಗೆ ಆ ಭಾಗ ಮುಗಿಯಿತು.

"ಆಮ್ಯಾಲೆ?" ಎಂದಳು ಮುನೀರಾ.

"ಮುಂದಿಂದು ಕಮಲಾಪುರದ ಪಂಚಶೀಲಾನ ಕಡೆ ಅದ. ಮಂಗಳವಾರ ಬರ್ತದ."

"ನಿಮಗಾರ ಗೊತ್ತೈತೇನು?"

"ಇಲ್ಲ. ನಾನೂ ಓದಿಲ್ಲ."

ಮಂಗಳವಾರ ಬಂತು. ಅದರ ಹಿಂದಿನ ದಿನವೇ ಎದೆನೋವು ಬಂದು ಅವನು ಹೋಗಿಬಿಟ್ಟಿದ್ದ.

ಗಂಡ ಸತ್ತವಳು ಮನೆಯಲ್ಲೇ ಇರಬೇಕಾದ ಇದ್ದತ್ತಿನ ತಿಂಗಳುಗಳಲ್ಲಿ ಮುನೀರಾ ಹೊಸ್ತಿಲು ದಾಟಲಿಲ್ಲ. ಅತ್ತಳು. ಆದರೆ ಅಳುವಿನ ನಡುವೆಯೂ ಆ ಯಂತ್ರ ಬಂದು ಕಾಡುತ್ತಿತ್ತು. ಬದುಕಿತೋ, ಸತ್ತಿತೋ? ಯಾರನ್ನು ಕೇಳಿದರೂ ಹೇಳಿಯಾರು; ಆಕೆಗೆ ಅವನ ಪುಸ್ತಕದಿಂದಲೇ ಕೇಳಬೇಕಿತ್ತು. ಇದ್ದತ್ ಮುಗಿದದ್ದೇ ಚಪ್ಪಲಿ ಮೆಟ್ಟಿದಳು.

"ಎಲ್ಲಾರೂ ಮೊದಲ ದರ್ಗಾಕ್ಕ ಹೋಗ್ತಾರ. ಇಕಿ ಬಸ್ ಹತ್ತಾಕತ್ತಾಳ," ಎಂದಳು ಬಷೀರುನ್ನೀಸಾ.

"ದರ್ಗಾ ಎಲ್ಲಿ ಹೋಗ್ತದ ಖಾಲಾ? ಬಸ್ ಹೋಗ್ತದ."

ಪಂಚಶೀಲಾಳದು ಕಮಲಾಪುರದ ಬಸ್‌ಸ್ಟ್ಯಾಂಡಿನ ಎದುರಿನ ಹೊಲಿಗೆ ಅಂಗಡಿ. ಬಟ್ಟೆ ತರಲು ವಾರಕ್ಕೊಮ್ಮೆ ಕಲಬುರಗಿಗೆ ಬರುವವಳು. ಮುನೀರಾ ಯಾರೆಂದು ತಿಳಿದ ಕೂಡಲೇ ಮಷೀನು ನಿಲ್ಲಿಸಿ ಎದ್ದಳು.

"ಕೂಡ್ರಿ ಆಪಾ. ಪುಸ್ತಕ ಯಾರಿಗೆ ಕೊಡ್ಲಿ ತಿಳೀದ ಇಟ್ಕೊಂಡೀನ್ರಿ."

"ಕೊಡೋದು ಬ್ಯಾಡ, ಓದು. ಹೀಟರ್ ಆರಿಸಿದ್ರಲ್ಲ, ಮುಂದೇನಾತು?"

ಪಂಚಶೀಲಾ ಮೊದಲ ಪುಟ ತೆಗೆದು ಓದಿದಳು. ಯಂತ್ರ ಮಾತಾಡಿತ್ತು. ಇಷ್ಟು ಚಳಿ ತಡೆದೀತೆಂದು ಅದನ್ನು ಮಾಡಿದವರೇ ಅಂದುಕೊಂಡಿರಲಿಲ್ಲ.

"ಖರೇನೋ, ನನಗ ಸಮಾಧಾನ ಆಗ್ಲಿ ಅಂತ ಹೇಳಾಕತ್ತೀಯೋ?"

"ಬರದದ್ದು ಓದಾಕತ್ತೀನ್ರಿ. ನಿಮ್ಮ ಆಣಿ."

ಮುನೀರಾ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. ಬಸ್ಸಿಗೆ ಹೊತ್ತಾಯಿತೆಂದು ಎದ್ದರೆ ಪಂಚಶೀಲಾ ಕೈ ಹಿಡಿದಳು.

"ಹ್ಯಾಂಗ ಬಿಡ್ತೀನ್ರಿ? ನನಗ ಮೊದಲಿಂದು ಸಿಕ್ಕೇ ಇಲ್ಲ. ಅದನ್ನ ಯಾರು ಕಳಿಸಿದ್ರು, ಯಾಕ ಕಳಿಸಿದ್ರು, ಒಂದೂ ಗೊತ್ತಿಲ್ಲ. ಹೇಳೇ ಹೋಗ್ಬೇಕು."

ಅಕ್ಷರ ಕೂಡಿಸಿ ಓದಲು ತಡವರಿಸುವ ಮುನೀರಾ ಕತ್ತರಿಸಿದ ಬಟ್ಟೆಗಳ ನಡುವೆ ಮತ್ತೆ ಕೂತು, ಆ ಯಂತ್ರವನ್ನು ಕಟ್ಟಿದಲ್ಲಿಂದ ಹಿಡಿದು, ಅವನು ಎಲ್ಲೆಲ್ಲಿ ನಿಲ್ಲಿಸಿ ಚಹಾ ಕೇಳಿದ್ದನೋ ಅಲ್ಲೆಲ್ಲ ತಾನೂ ಉಸಿರು ತೆಗೆದುಕೊಳ್ಳುತ್ತ, ಒಂದನ್ನೂ ಬಿಡದೆ ಹೇಳಿದಳು. ಎರಡು ಬಸ್ಸು ಹೋದವು.

ತಿಳಿದದ್ದನ್ನೆಲ್ಲ ತನ್ನ ಹತ್ತಿರವೇ ಕೂಡಿಟ್ಟು ದೊಡ್ಡವರಾಗುವವರು ಊರಿಗೆ ನಾಲ್ಕು ಜನ ಇರುತ್ತಾರೆ. ಅವರು ಸತ್ತರೆ ಅದೂ ಸತ್ತಿತು. ಇಮಾಮುದ್ದೀನನಂಥವರು ಬೇರೆ. ಒಬ್ಬರ ಕೈಗೆ ಅರ್ಧ, ಇನ್ನೊಬ್ಬರ ಕೈಗೆ ಅರ್ಧ ಕೊಟ್ಟು, ಒಬ್ಬರು ಇನ್ನೊಬ್ಬರ ಮನೆ ಕೇಳಿಕೊಂಡು ಹೋಗುವಂತೆ ಮಾಡುತ್ತಾರೆ. ಇಂಥವರ ಜೊತೆ ಬಾಳುವುದು ತ್ರಾಸು. ಹೋದ ಮೇಲೆ ನೆಟ್ಟಗೆ ಒಂದು ಕಡೆ ಕೂತು ಅಳಲೂ ಬಿಡುವುದಿಲ್ಲ, ಬಸ್ಸು ಹತ್ತಿಸುತ್ತಾರೆ.