ಕಾಲಮ್ಮಿನ ನೀರು

“ಏಯ್ ಮುದುಕಿ, ಆ ಪಾನಿ ನಿನ್ನ ಅಪ್ಪಂದಾ? ಕೊಡ ಇಡು ಕೆಳಗೆ, ಸಾಲೀ.”

ಕೊಡ ಕೆಳಗಿಡುವಷ್ಟು ಪುರಸೊತ್ತನ್ನೂ ಸುಜನ್ ಚಂದ್ರಬಾಯಿಗೆ ಕೊಡಲಿಲ್ಲ. ಬೂಟುಗಾಲಿನಿಂದ ಒದ್ದ. ಪ್ಲಾಸ್ಟಿಕ್ ಕೊಡ ದಡಬಡ ಉರುಳಿಕೊಂಡು ಹೋಗಿ ಕಬ್ಬಿಣದ ಸರಳಿಗೆ ಬಡಿದು ನಿಂತಿತು. ನೀರೆಲ್ಲ ಸ್ಲ್ಯಾಬಿನ ಮೇಲೆಯೇ ಚೆಲ್ಲಿದ್ದರಿಂದ ಅವನ ಪ್ರಕಾರ ನಷ್ಟವೇನೂ ಆಗಲಿಲ್ಲ. ಯಾರಿಗೆಂದು ತರಿಸಿದ್ದೋ ಅವರಿಗೇ ಸೇರಿತು.

ಚಂದ್ರಬಾಯಿ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, ಕೊಡ ಎತ್ತಿಕೊಂಡು, ಮತ್ತೆ ಪೈಪು ಹಿಡಿದಳು. ಅವಳ ಕೆಲಸವೇ ಅದು. ನವಿ ಮುಂಬಯಿಯ ಮಹಾಪೆಯ ಆ ಸೈಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೊಸ ಸ್ಲ್ಯಾಬಿಗೆ, ಸೈಟಿನವರು ಕಾಲಮ್ಮು ಎನ್ನುವ ಹೊಸ ಕಂಬಗಳಿಗೆ ನೀರು ಹೊಡೆಯುವುದು. ಕಾಲಮ್ಮುಗಳಿಗೆ ಮೈತುಂಬ ಗೋಣಿತಟ್ಟು ಸುತ್ತಿ ಸುತಳಿಯಿಂದ ಬಿಗಿದಿರುತ್ತಾರೆ. ಆ ತಟ್ಟು ಒಂದು ಗಳಿಗೆಯೂ ಒಣಗಬಾರದು. ಒಣಗಿದರೆ ಕಾಂಕ್ರೀಟು ಬಿರುಕು ಬಿಡುತ್ತದೆ. ಹಸಿಗೂಸಿನ ಹಾಗೆ ನೋಡಿಕೊಳ್ಳಬೇಕು ಎಂದು ಸುಜನನೇ ಹಿಂದಿಯಲ್ಲಿ ಹೇಳಿಕೊಟ್ಟಿದ್ದ. ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದ ಹುಡುಗ, ಗುತ್ತಿಗೆದಾರ ಪ್ರೇಮನಾಥ ಸೇಠರ ಅಕ್ಕನ ಮಗ, ಸೈಟಿನ ಸೂಪರ್‌ವೈಜರ್. ಕನ್ನಡ ತಿಳಿಯುತ್ತದೆ, ಆದರೆ ಬೈಯುವಾಗ ಮಾತ್ರ ಆಡುತ್ತಾನೆ.

ಅದು ಎರಡು ಸಾವಿರದ ಹದಿನಾರರ ಬೇಸಿಗೆ. ಹಿಂದಿನ ಮಳೆಗಾಲ ಕೈಕೊಟ್ಟು ಠಾಣೆ, ಕಲ್ಯಾಣ, ಡೊಂಬಿವಿಲಿಗಳಲ್ಲೆಲ್ಲ ನೀರಿನ ಕಡಿತ. ಹಳೇ ಕೂಲಿಗಳೂ ಇಂಥ ಬಿಸಿಲು ಕಂಡಿಲ್ಲ ಎನ್ನುತ್ತಿದ್ದರು. ಸೈಟಿನ ಗೇಟಿನ ಮೇಲೆ ಮಾತ್ರ ದೊಡ್ಡದೊಂದು ಬೋರ್ಡು, ಅದರ ತುಂಬ ಹಸಿರು ಎಲೆಗಳು. ಇದು ಮುಂದೆ ಬರಲಿರುವ ಬಿಸಿಲಿಗೆಂದೇ ಕಟ್ಟುತ್ತಿರುವ ಕಟ್ಟಡವಂತೆ. ಜೋಡಿ ಗಾಜು, ಮಾಳಿಗೆಯ ಮೇಲೆ ತೋಟ. ಹೊರಗೆ ಊರಿಗೆ ಊರೇ ಬೆಂದುಹೋದರೂ ಒಳಗೆ ಕಂಪ್ಯೂಟರ್ ಮುಂದೆ ಕೂತವರಿಗೆ ತಂಪೋ ತಂಪು. ಅದನ್ನು ಕಟ್ಟುವವರಿಗೆ ಹಿಂಭಾಗದಲ್ಲಿ ತಗಡಿನ ಶೆಡ್ಡುಗಳ ಸಾಲು. ಗೋಡೆಯೂ ತಗಡು, ಸೂರೂ ತಗಡು.

ಸೈಟಿಗೆ ಸಿಹಿನೀರಿನ ಟ್ಯಾಂಕರು ದಿನವೂ ಬರುತ್ತಿತ್ತು. ಶೆಡ್ಡಿನವರಿಗೆ ಇದ್ದದ್ದು ಬೋರಿನ ನೀರು. ಸಮುದ್ರದ ಹಿನ್ನೀರಿನ ಖಾಡಿ ಹತ್ತಿರವಿದ್ದುದರಿಂದ ಅದು ಬರೀ ಉಪ್ಪು. ಉಪ್ಪುನೀರು ಹೊಡೆದರೆ ಕಾಲಮ್ಮಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಮನುಷ್ಯರಿಗೆ ತುಕ್ಕು ಹಿಡಿಯುವುದನ್ನು ಯಾರೂ ಕಂಡವರಿಲ್ಲವಲ್ಲ. ಕುಡಿಯಲೆಂದು ದಿನ ಬಿಟ್ಟು ದಿನ ಒಂದು ಡ್ರಮ್ಮು ಸಿಹಿನೀರು ಇಳಿಸುತ್ತಿದ್ದರು. ಬೆಳಗ್ಗೆ ಇಳಿಸಿದ್ದು ಮಧ್ಯಾಹ್ನಕ್ಕೆ ತಳ ಕಾಣುತ್ತಿತ್ತು.

ಚಂದ್ರಬಾಯಿ ಕದ್ದು ಕೊಡ ತುಂಬಿದ್ದು ಸೊಸೆಗಾಗಿ. ಕಾಂಚನಾ ಹಡೆದಿದ್ದಳು. ಚೊಚ್ಚಲು ತೌರಿನಲ್ಲಾಗಬೇಕು, ನಿಜ. ಆದರೆ ಆಳಂದದ ಕಡೆಯ ಆ ಊರಿನಲ್ಲಿ ಒಂದು ಕೊಡ ನೀರಿಗೆ ಹೆಣ್ಣುಮಕ್ಕಳು ಕೂದಲು ಹಿಡಿದು ಜಗಳಾಡುತ್ತಿದ್ದರು. ಬಾಣಂತಿಗೆ ಎರೆಯಲು ನಾನೆಲ್ಲಿಂದ ತರಲಿ, ಅಲ್ಲೇ ಇಟ್ಟುಕೊಳ್ಳಿ ಬೀಗತಿ ಎಂದು ಅವಳ ತಾಯಿ ಫೋನಿನಲ್ಲಿ ಅತ್ತುಬಿಟ್ಟಿದ್ದಳು. ಇಟ್ಟುಕೊಂಡ ಮೇಲೆ ಬಾಣಂತನ ನೆಟ್ಟಗೆ ಆಗಬೇಕು. ಉಪ್ಪುನೀರಿನಲ್ಲಿ ಎರೆದರೆ ಮೈ ಬಿರಿಯುತ್ತದೆ. ಅದಕ್ಕೇ ಆ ಕಳ್ಳತನ.

ಅಂದು ಮಧ್ಯಾಹ್ನ ರೊಟ್ಟಿಗೆಂದು ಇಳಿದಾಗ ಶೆಡ್ಡಿನೊಳಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗಿತ್ತು. ಬಾಣಂತಿಗೆ ಗಾಳಿ ಸೋಕಬಾರದೆಂದು ಬಾಗಿಲಿಗೆ ಕೌದಿ ಇಳಿಬಿಟ್ಟಿತ್ತು. ಹೊರಸಿನ ಕೆಳಗೆ ಅಗ್ಗಿಷ್ಟಿಗೆ, ಕೆಂಡದ ಮೇಲೆ ಅಜವಾನ, ಬಳ್ಳೊಳ್ಳಿ ಸಿಪ್ಪೆ. ಹೊಗೆಯ ನಡುವೆ ಕಾಂಚನಾ ತಲೆಗೆ, ಕಿವಿಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಕೂಸು ಒಣಗಿದ ಮೊಲೆಯನ್ನು ಚೀಪಿ ಚೀಪಿ ಸಿಟ್ಟಿಗೆದ್ದು ಅಳುತ್ತಿತ್ತು.

“ಅತ್ತೀ, ಒಂದ ಗುಟುಕ ನೀರ ಕೊಡ್ರಿ. ಗಂಟಲಾ ಸುಡ್ಲಾಕತ್ತದ.”

“ಹಸಿ ಬಾಣಂತಿ ನೀರ ಕುಡದ್ರ ಹೊಟ್ಟಿ ಬರ್ತದ, ಕೂಸಿಗಿ ಥಂಡಿ ಹತ್ತತದ. ನಾ ಹಡದಿಲ್ಲೇನು? ಎಲ್ಡ ದಿನಾ ತಡಕೋ ನನ್ನವ್ವಾ.”

ಚಂದ್ರಬಾಯಿ ಕೆಟ್ಟ ಅತ್ತೆಯಲ್ಲ. ತನ್ನ ಪಾಲಿನ ಡ್ರಮ್ಮಿನ ನೀರನ್ನೂ ಸೊಸೆಯ ಸಜ್ಜಕಕ್ಕೆ ಹಾಕಿ ತಾನು ಬೋರಿನ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡಿದ್ದಳು. ಆದರೆ ಬಾಣಂತಿಗೆ ನೀರು ಕೊಡಬಾರದು ಎಂಬುದು ಅವಳ ತಾಯಿ, ತಾಯಿಯ ತಾಯಿ ಹೇಳಿದ ಮಾತು. ಅದನ್ನು ಮೀರುವುದುಂಟೇ? ಹಸಿ ಬಟ್ಟೆಯ ತುದಿಯಿಂದ ಸೊಸೆಯ ತುಟಿ ಒರೆಸಿ, ಅಗ್ಗಿಷ್ಟಿಗೆಗೆ ಇನ್ನೆರಡು ಕೆಂಡ ಹಾಕಿ ಮತ್ತೆ ಕೆಲಸಕ್ಕೆ ಹತ್ತಿದಳು.

ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಸಂಜೆ ಪ್ರೇಮನಾಥ ಸೇಠರ ಕಾರು ಬಂದಾಗ ಧೈರ್ಯ ಮಾಡಿ ಎದುರು ಹೋಗಿ ನಿಂತಳು. ಸೇಠರು ಉಡುಪಿಯ ಕಡೆಯವರು. ಕಲಬುರಗಿಯ ಕೂಲಿಗಳನ್ನು ನೋಡಿದರೆ ಸಾಕು, ನೀವೆಲ್ಲ ನಮ್ಮವರೇ ಅಲ್ಲವಾ ಎಂದು ಬೆನ್ನು ತಟ್ಟುವ ಅಭ್ಯಾಸ. ಹೆಂಗಸರ ಬೆನ್ನು ತಟ್ಟಲಾಗದು, ಆದ್ದರಿಂದ ಅವರಿಗೆ ಬರೀ ನಗೆ. ಸಿಮೆಂಟು ಇಡುವ ಕೆಳಗಿನ ಕೋಣೆ ತಂಪಾಗಿದೆ, ಮೂಲೆಯಲ್ಲಿ ಬಾಣಂತಿಯನ್ನೂ ಕೂಸನ್ನೂ ಮಲಗಿಸಿಕೊಳ್ಳುತ್ತೇವೆ, ಬಿಸಿಲು ಇಳಿದ ಮೇಲೆ ಶೆಡ್ಡಿಗೆ ಕರೆದೊಯ್ಯುತ್ತೇವೆ ಎಂದು ಚಂದ್ರಬಾಯಿ ಕೈಮುಗಿದು ಕೇಳಿದಳು. ಸೇಠರ ನಗೆ ಹಾಗೇ ನಿಂತಿತು, ಮುಖ ಮಾತ್ರ ಹಿಂದಕ್ಕೆ ಸರಿಯಿತು.

“ಅದು ಹೇಗೆ ಆಗ್ತದೆ ಮಾರಾಯ್ತಿ? ನಿಮಗೀಗ ಅಮೆ ಉಂಟಲ್ಲ? ಪುಣ್ಯಾಹ ಆಗ್ಲಿಲ್ಲ, ಎಂತದೂ ಆಗ್ಲಿಲ್ಲ. ಊರಿಂದ ಭಟ್ಟರನ್ನು ಕರೆಸಿ ಗಣಹೋಮ ಮಾಡಿಸಿದ ಜಾಗ ಅದು. ಹಡೆದವಳನ್ನು ತಂದು ಒಳಗೆ ಮಲಗಿಸಿದ್ರೆ ಕಟ್ಟಡಕ್ಕೆ ಒಳ್ಳೆದಲ್ಲ.”

ಹೆರಿಗೆಯ ಮೈಲಿಗೆ ಚಂದ್ರಬಾಯಿಗೂ ಮೈಲಿಗೆಯೇ. ಮುಗಿದ ಕೈ ಇಳಿಸಿ ದಾರಿ ಬಿಟ್ಟಳು. ಸೇಠರು ಹೋಗುವಾಗ, ಕಿಟಕಿ ತೆರೆದಿಟ್ಟುಕೊಳ್ಳಿ, ಗಾಳಿಯಾಡ್ತದೆ ಎಂದು ಬುದ್ಧಿ ಹೇಳಿದರು. ಶೆಡ್ಡಿಗೆ ಕಿಟಕಿಯೇ ಇಲ್ಲವೆಂಬುದು ಶೆಡ್ಡು ಹಾಕಿಸಿದ ಮನುಷ್ಯನಿಗೆ ತಿಳಿಯದ್ದೇನಲ್ಲ.

ಮರುದಿನ ಬಿಸಿಲು ನೆತ್ತಿಗೆ ಬಂದಾಗ ಚಂಪಾ ಓಡುತ್ತ ಮೇಲೆ ಬಂದಳು. ಚಂಪಾ ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು, ಪಕ್ಕದ ಶೆಡ್ಡಿನವಳು. ಏದುಸಿರು ಬಿಡುತ್ತಲೇ ಚಂದ್ರಬಾಯಿಯ ಕೈಯಿಂದ ಪೈಪು ಕಿತ್ತು ಬಿಸಾಡಿ ರಟ್ಟೆ ಹಿಡಿದು ಎಳೆದಳು.

ಕಾಂಚನಾ ಹೊರಸಿನಿಂದ ಕೆಳಗೆ ಬಿದ್ದಿದ್ದಳು. ಚಂದ್ರಬಾಯಿ ಮೈ ಮುಟ್ಟಿ ಕೈ ಹಿಂದಕ್ಕೆ ತೆಗೆದಳು. ಕಾದ ಹಂಚು. ಇಷ್ಟು ಸೆಕೆಯಲ್ಲೂ ಹಣೆಯ ಮೇಲೆ ಒಂದು ಹನಿ ಬೆವರಿಲ್ಲ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ತೌರಿನ ಬಾವಿಯ ಸುದ್ದಿಯೇನೋ ಬಡಬಡಿಸುತ್ತಿದ್ದಳು, ನಡುವೆ ಅವ್ವ ಎನ್ನುತ್ತಿದ್ದಳು.

ಚಂದ್ರಬಾಯಿಗೆ ತಾನು ಹಡೆದ ಮನೆ ಕಣ್ಣಿಗೆ ಕಟ್ಟಿತು. ಶಹಾಬಾದಿ ಕಲ್ಲಿನ ಮೊಳದಗಲ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ನಡುಬೇಸಿಗೆಯಲ್ಲೂ ಒಳಗೆ ಕತ್ತಲು, ತಂಪು. ಆ ಮನೆಗೆ ಅಗ್ಗಿಷ್ಟಿಗೆ ಬೇಕಿತ್ತು. ಈ ತಗಡಿನ ಡಬ್ಬಿಯಲ್ಲಿ, ಈ ಬಿಸಿಲಿನಲ್ಲಿ, ಅದೇ ಅಗ್ಗಿಷ್ಟಿಗೆಯನ್ನು ತನ್ನ ಕೈಯಾರೆ ಸೊಸೆಯ ಬೆನ್ನ ಕೆಳಗೆ ಇಟ್ಟಿದ್ದಳು. ನೀರು ನೀರು ಎಂದವಳಿಗೆ ತಡಕೋ ಎಂದಿದ್ದಳು. ಸೇಠ ಒಂದು ಕಡೆಯಿಂದ ಸುಟ್ಟರೆ ಇನ್ನೊಂದು ಕಡೆಯಿಂದ ಸುಟ್ಟವಳು ತಾನೇ. ಅಗ್ಗಿಷ್ಟಿಗೆಯನ್ನು ಬರಿಗಾಲಿನಿಂದಲೇ ಒದ್ದಳು. ಕೆಂಡ ಚೆಲ್ಲಾಪಿಲ್ಲಿಯಾಗಿ ಬಾಗಿಲಾಚೆ ಹೋಗಿ ಬಿದ್ದವು. ಕಾಲು ಸುಟ್ಟದ್ದು ಅವಳಿಗೆ ಗೊತ್ತಾಗಲಿಲ್ಲ.

ಸರಳು ಕಟ್ಟುತ್ತಿದ್ದ ಮಗ ಆಕಾಶ ಮೇಲಿನಿಂದ ಇಳಿದು ಬಂದಿದ್ದ. ಹೆಂಡತಿಯ ಮುಖ ನೋಡಿ ಕಲ್ಲಿನಂತೆ ನಿಂತುಬಿಟ್ಟ. ರಿಕ್ಷಾ ತಗೊಂಡ ಬಾ ಹೋಗೋ ಎಂದು ಚಂದ್ರಬಾಯಿ ದಬ್ಬಿದ ಮೇಲೆ ರಸ್ತೆಯ ಕಡೆ ಓಡಿದ. ನಡುಮಧ್ಯಾಹ್ನ ಆ ಕಡೆ ರಿಕ್ಷಾ ಸಿಗುವುದು ಸುಳ್ಳು. ಅಲ್ಲಿಯವರೆಗೆ ಈ ಜೀವ ತಡೆಯಬೇಕಲ್ಲ. ಡ್ರಮ್ಮು ಬೆಳಗ್ಗೆಯೇ ಬರಿದಾಗಿತ್ತು. ಬೋರಿನ ಪೈಪು ಮುಟ್ಟಿದರೆ ಚುರ್ ಎನ್ನುವ ಬಿಸಿ.

ಚಂದ್ರಬಾಯಿ ಸೊಸೆಯ ತಲೆಯ ಬಟ್ಟೆ ಬಿಚ್ಚಿ ಎಸೆದಳು. ಇಬ್ಬರು ಹೆಂಗಸರು ಕಾಲು ಹಿಡಿದರು, ತಾನು ಕಂಕುಳಿಗೆ ಕೈಕೊಟ್ಟಳು, ಚಂಪಾ ಕೂಸನ್ನು ಎತ್ತಿಕೊಂಡಳು. ಸಿಮೆಂಟಿನ ಕೋಣೆಗೆ ಬೀಗವಿತ್ತು. ಮೆಟ್ಟಿಲು ಹತ್ತಿ ಮೊದಲನೆಯ ಮಹಡಿಗೆ ತಂದು, ನೀರು ತೊಟ್ಟಿಕ್ಕುತ್ತಿದ್ದ ಕಾಲಮ್ಮುಗಳ ನಡುವೆ ಮಲಗಿಸಿದರು. ಅಲ್ಲಿ ನೆರಳಿತ್ತು. ನೆಲ ಒದ್ದೆಯಾಗಿತ್ತು. ಕಾಂಕ್ರೀಟಿಗೆಂದು ಮಾಡಿದ ತಂಪೆಲ್ಲ ಅಲ್ಲಿತ್ತು. ಚಂದ್ರಬಾಯಿ ತಟ್ಟು, ಸುತಳಿ ಕೊಯ್ಯಲೆಂದು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಕುಡುಗೋಲಿನಿಂದ ಒಂದು ಕಾಲಮ್ಮಿನ ಸುತಳಿ ಕೊಯ್ದು, ಹಸಿ ತಟ್ಟು ಎಳೆದು ಸೊಸೆಯ ಎದೆ, ಹೊಟ್ಟೆ, ತೊಡೆಗಳ ಮೇಲೆ ಹೊದೆಸಿದಳು. ಪೈಪು ಎಳೆದು ನೆತ್ತಿಯ ಮೇಲೆ ನೀರು ಬಿಟ್ಟಳು. ಬಾಣಂತಿಯ ನೆತ್ತಿಗೆ ತಣ್ಣೀರು. ಅವಳ ತಾಯಿ ಇದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು.

“ಕುಡಿಯವ್ವಾ. ಬೇಕಾದಷ್ಟ ಕುಡಿ, ನಾ ಬ್ಯಾಡನ್ನಂಗಿಲ್ಲ.”

ಬೊಗಸೆಯ ನೀರು ಕಾಂಚನಾಳ ತುಟಿಯ ಕೊನೆಯಿಂದ ಹೊರಗೆ ಹರಿಯಿತು.

ಸುಜನ್ ಕೂಗುತ್ತ ಬಂದವನು ಬರಿಮೈಯ ಕಾಲಮ್ಮು ನೋಡಿ ಹಣೆ ಚಚ್ಚಿಕೊಂಡ. ಅವನ ಹಿಂದೆಯೇ ಸೇಠರು ಬಂದರು, ಆದರೆ ಮಹಡಿಗೆ ಕಾಲಿಡಲಿಲ್ಲ. ಎರಡು ಮೆಟ್ಟಿಲು ಕೆಳಗೇ ನಿಂತರು. ಬಾಣಂತಿಯ ಮೈ ತೊಳೆದ ನೀರು ನೆಲದ ತುಂಬ ಹರಿದು ಮೆಟ್ಟಿಲಿಗೆ ಇಳಿಯುತ್ತಿತ್ತು. ಅವರು ಪ್ಯಾಂಟು ಎತ್ತಿ ಹಿಡಿದು ಇನ್ನೊಂದು ಮೆಟ್ಟಿಲು ಹಿಂದೆ ಸರಿದರು.

“ಎಂತ ಮಾಡ್ತಾ ಇದ್ದಿ ನೀನು? ಕಾಲಮ್ ಬಿರುಕು ಬಿಟ್ರೆ ಕಂಪೆನಿಯವರಿಗೆ ಯಾರು ಉತ್ತರ ಕೊಡುದು? ಮೊದಲು ಆ ಗೋಣಿ ಕಟ್ಟು ವಾಪಸ್.”

“ನನ್ನ ಸೊಸಿ ಸಾಯ್ಲಾಕತ್ತಾಳ.”

“ಆಸ್ಪತ್ರೆಗೆ ತಕೊಂಡು ಹೋಗಿ, ಯಾರು ಬೇಡ ಅಂದದ್ದು? ಇಲ್ಲಿ ಯಾಕೆ? ಸುಜನ್, ಮೋಟಾರ್ ಬಂದ್ ಮಾಡು.”

ಸುಜನ್ ಕೆಳಗೆ ಓಡಿದ. ಸ್ವಲ್ಪ ಹೊತ್ತಿಗೆ ಚಂದ್ರಬಾಯಿಯ ಕೈಯೊಳಗಿನ ಪೈಪು ಗುರುಗುಟ್ಟಿ, ನಾಲ್ಕು ಹನಿ ಉಗುಳಿ ಸುಮ್ಮನಾಯಿತು. ಅವಳು ಪೈಪನ್ನು ನೋಡಿದಳು, ಮೆಟ್ಟಿಲ ಮೇಲಿನ ಮನುಷ್ಯನನ್ನು ನೋಡಿದಳು. ನಿನ್ನೆ ಇವನ ಮುಂದೆ ಕೈಮುಗಿದದ್ದು ನೆನಪಾಗಿ ತನ್ನ ಮೇಲೇ ಹೇಸಿಗೆಯಾಯಿತು.

“ಭಾಡ್ಯಾ, ಕಲ್ಲಿಗಿ ನೀರ ಕುಡಸ್ತಿ, ಹಡದಾಕಿಗಿ ಬಂದ್ ಮಾಡ್ತಿ? ಒಡೀಲಿ ನಿನ್ನ ಕಾಲಮ್ಮ. ಎಲ್ಲಾ ಒಡೀಲಿ.”

ಎದ್ದು ಹೋಗಿ ಎರಡನೆಯ ಕಾಲಮ್ಮಿನ ಸುತಳಿ ಕೊಯ್ದಳು. ಹಸಿ ತಟ್ಟನ್ನು ಎರಡೂ ಕೈಯಿಂದ ಎಳೆತಂದು ಸೊಸೆಯ ಮೈಮೇಲೆ ಹಿಂಡಿದಳು. ಕೆಸರು ಬಣ್ಣದ ನೀರು ಧಾರೆಯಾಗಿ ಇಳಿಯಿತು. ಅಷ್ಟರಲ್ಲಿ ರೊಟ್ಟಿಯ ಹೊತ್ತಿಗೆ ಇಳಿದಿದ್ದ ಹೆಂಗಸರೆಲ್ಲ ಮೇಲೆ ಬರತೊಡಗಿದ್ದರು. ಸೇಠರು ಕೈ ಅಡ್ಡ ಹಿಡಿದರು, ಆದರೆ ಆ ಮೈಲಿಗೆಯ ನೀರು ತುಳಿದು ಹೋಗುತ್ತಿದ್ದ ಹೆಂಗಸರನ್ನು ಮುಟ್ಟಲು ಧೈರ್ಯವಾಗದೆ ಗೋಡೆಗೆ ಅಂಟಿದರು. ಪೊಲೀಸರನ್ನು ಕರೆಸುತ್ತೇನೆ, ನಾಳೆಯಿಂದ ಒಬ್ಬರಿಗೂ ಕೆಲಸವಿಲ್ಲ ಎಂದು ಏನೇನೋ ಹೇಳಿದರು. ಚಂಪಾ ಕೂಸನ್ನು ಒದ್ದೆ ಸೆರಗಿನಲ್ಲಿ ಸುತ್ತಿ ಒಬ್ಬಳ ಕೈಗಿತ್ತು, ಮೂರನೆಯ ಕಾಲಮ್ಮಿಗೆ ಕೈ ಹಾಕಿದಳು. ಆಮೇಲೆ ಯಾರು ಯಾವುದಕ್ಕೆ ಕೈ ಹಾಕಿದರೆಂದು ಹೇಳುವಂತಿರಲಿಲ್ಲ.

ಬಿಸಿಲ ಅಂಚಿನಲ್ಲಿದ್ದ ಕಾಲಮ್ಮುಗಳು ನೋಡನೋಡುತ್ತ ಒಣಗಿ ಬೆಳ್ಳಗಾದವು. ಕೆಳಗೆ ರಿಕ್ಷಾದ ಸದ್ದು ಕೇಳಿಸುತ್ತದೋ ಎಂದು ಎಲ್ಲರ ಕಿವಿ ರಸ್ತೆಯ ಕಡೆಗೇ ಇತ್ತು. ಕೇಳಿಸಲಿಲ್ಲ. ಕಾಂಚನಾ ಬಡಬಡಿಸುವುದನ್ನು ನಿಲ್ಲಿಸಿದ್ದಳು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಯಾರಿಗೂ ತಿಳಿಯಲಿಲ್ಲ. ಚಂದ್ರಬಾಯಿ ಸೊಸೆಯ ಮೂಗಿನ ಹತ್ತಿರ ಕೆನ್ನೆ ತಂದು ಉಸಿರು ಹುಡುಕಿದಳು. ಸಣ್ಣಗೆ, ಬಿಸಿಯಾಗಿ, ಇನ್ನೂ ಬರುತ್ತಿತ್ತು. ಕೈಯೊಳಗಿನ ತಟ್ಟಿನಲ್ಲಿ ಹಿಂಡಲು ಏನೂ ಉಳಿದಿರಲಿಲ್ಲ.

ತಲೆ ಎತ್ತದೆ ಹೇಳಿದಳು:

“ಇನ್ನೊಂದ ಬಿಚ್ರಿ.”