ಮೂವತ್ತೆಂಟರ ಬಿಳಿ ಅಂಗಿ

ಗುರುಮೂರ್ತಿ ಹೆಣದ ಕೊರಳಿಗೆ ಟೇಪು ಸುತ್ತಿ, ಒಳಗೆ ತನ್ನ ಎರಡು ಬೆರಳು ತೂರಿಸಿ ನೋಡಿದ. ಮೂವತ್ತೆಂಟು ಸೆಂಟಿಮೀಟರು. ನಂಬಿಕೆಯಾಗದೆ ಮತ್ತೊಮ್ಮೆ ಸುತ್ತಿದ. ಮೂವತ್ತೆಂಟೇ.

“ನಲವತ್ತೆರಡು ಇತ್ತಲ್ರಿ ಇವ್ರಿಗೆ,” ಅಂದ.

“ಅದು ಯಾವಾಗಿನ ಮಾತು,” ಎಂದಳು ಸತ್ತವನ ಹೆಂಡತಿ ಯಶೋದಾ. “ಆರು ತಿಂಗ್ಳಿಂದ ಗಂಜಿ ಬಿಟ್ರೆ ಏನೂ ಇಳೀಲಿಲ್ಲ. ನೀವು ನೋಡಿದ್ದು ಹಳೇ ಮನುಷ್ಯನ್ನ.”

ಮಾತಿನಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ಗುರುಮೂರ್ತಿಗೆ ಹಗುರಾಗುತ್ತಿತ್ತು. ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ. ಆ ಅರ್ಧ ಗಂಟೆಯ ದಾರಿಗೆ ಅವನು ಏಳು ವರ್ಷ ತೆಗೆದುಕೊಂಡಿದ್ದ.

ಬೆಳಗಿನ ಜಾವ ತೀರಿಕೊಂಡ ಮುರುಗೇಶಪ್ಪನಿಗೆ ಆಗಲೇ ಸ್ನಾನ ಮಾಡಿಸಿ, ವಿಭೂತಿ ಬಳಿದು, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಪಂಚೆ ಉಡಿಸಿ ಶಾಲು ಹೊದಿಸಿದ್ದರು. ಪಕ್ಕದಲ್ಲಿ ಅವನ ಮೂರು ಅಂಗಿಗಳು ಬಿದ್ದಿದ್ದವು. ಮೂರೂ ದೊಗಳೆ.

“ಜೀವಮಾನ ಎಲ್ಲ ಊರಿಗೆ ಅಂಗಿ ಆರಿಸಿ ಕೊಟ್ಟೋರು,” ಎಂದಳು ಯಶೋದಾ. “ಹಿಂಗೆ ಜೋತು ಬಿದ್ದಿದ್ರಾಗೆ ಕಳಿಸಕೆ ನನಿಗೆ ಮನ್ಸಿಲ್ಲ. ಒಂದು ಸರಿಯಾಗಿದ್ದು ತಂದ್ಕೊಡ್ರಿ. ನಿಮ್ಮಷ್ಟು ತಿಳಿದೋರು ಇಲ್ಲಿ ಯಾರದಾರೆ?”

*

ಪೇಟೆಯ ಅಂಗಡಿಯಲ್ಲಿ ಗುರುಮೂರ್ತಿ ಹನ್ನೊಂದು ಬಿಳಿ ಅಂಗಿ ಬಿಚ್ಚಿಸಿದ. ಒಂದೊಂದನ್ನೂ ಮೊದಲು ಒಳಮಗ್ಗುಲು ತಿರುವಿದ. ಕಂಕುಳ ಹೊಲಿಗೆ ಎಳೆದು ನೋಡಿದ. ಕಾಲರಿನ ಎರಡು ತುದಿ ಜೋಡಿಸಿ ಸಮ ಇದೆಯೇ ಎಂದು ಪರೀಕ್ಷಿಸಿದ. ಗುಂಡಿ ತೂರಿಸುವ ಕಾಜಾದ ದಾರ ಉಗುರಿಗೆ ಏಳುತ್ತಿದ್ದ ನಾಲ್ಕನ್ನು ಪಕ್ಕಕ್ಕೆ ಸರಿಸಿದ.

“ಯಾರಿಗೆ ಸರ್?” ಸೇಲ್ಸ್‌ಮನ್ ಕೇಳಿದ. “ಅವರನ್ನೇ ಕರ್ಕಂಡು ಬಂದ್ರೆ ಟ್ರಯಲ್ ನೋಡಬೌದಿತ್ತು.”

“ಅವ್ರು ಬರಂಗಿಲ್ಲ.”

“ಹಂಗಾರೆ ಒಯ್ರಿ ಸರ್. ಸರಿ ಹೋಗ್ಲಿಲ್ಲ ಅಂದ್ರೆ ಏಳು ದಿನದಾಗೆ ಬದಲಿ ಮಾಡಿ ಕೊಡ್ತೀವಿ.”

ಗುರುಮೂರ್ತಿ ತಲೆಯಾಡಿಸಿದ. ಭುಜದ ಹೊಲಿಗೆ ಮೂಳೆಯ ಮೇಲೆಯೇ ಕೂರುವಂಥ ಒಂದು ಕೊನೆಗೆ ಸಿಕ್ಕಿತು.

*

ಹೀಗೆ ಅಂಗಿ ನೋಡುವುದನ್ನು ಕಲಿಸಿದವನು ಮುರುಗೇಶಪ್ಪನೇ. ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಇಬ್ಬರೂ ಹದಿನಾರು ವರ್ಷ ಒಂದೇ ಕೌಂಟರಿನ ಹಿಂದೆ ನಿಂತವರು. ಗಿರಾಕಿ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತರೆ ಮುರುಗೇಶಪ್ಪ ಒಂದು ಸ್ಟೂಲು ಎಳೆದು ಹಾಕುತ್ತಿದ್ದ. “ನಿಂತ್ರೆ ಎಲ್ರಿಗೂ ಒಪ್ತೈತೆ. ಕೂತು ನೋಡ್ರಿ.”

ಏಳು ವರ್ಷದ ಹಿಂದೆ ಒಂದು ದಿನ ಲೋಕಿಕೆರೆಯಿಂದ ಒಬ್ಬ ಮೇಷ್ಟ್ರು ತಮ್ಮ ನಿವೃತ್ತಿಯ ಸಮಾರಂಭಕ್ಕೆಂದು ಅಂಗಿ ಕೊಳ್ಳಲು ಬಂದಿದ್ದರು. ದುಬಾರಿಯದನ್ನೇ ಮೆಚ್ಚಿದ್ದರು. ಸ್ಟೂಲಿನ ಮೇಲೆ ಕೂತಾಗ ಹೊಟ್ಟೆಯ ಬಳಿ ಗುಂಡಿಗಳು ಬಿಗಿದವು.

“ಬ್ಯಾಡ್ರಿ ಮೇಷ್ಟ್ರೆ,” ಎಂದ ಮುರುಗೇಶಪ್ಪ. “ಸ್ಟೇಜ್ ಮ್ಯಾಲೆ ಕೂತು ಹಾರ ಹಾಕಿಸ್ಕಳೋವಾಗ ಬಾಯಿ ಬಿಡ್ತಾವೆ. ನಮ್ಮತ್ರ ನಿಮ್ಮ ಮೈಗೆ ಆಗೋದು ಇಲ್ಲ. ಚೌಕಿಪೇಟೆಯಾಗೆ ಬಿಲ್ಕೀಸ್ ಅಂತ ಅದಾರೆ, ಅವ್ರ ಹತ್ರ ಹೊಲಿಸ್ರಿ.”

ಮೇಷ್ಟ್ರು ಬರಿಗೈಯಲ್ಲಿ ಹೊರಟಿದ್ದನ್ನು ಸಾಹುಕಾರ ಗಲ್ಲಾದಿಂದ ನೋಡಿದ. ಸಂಜೆ ಗುರುಮೂರ್ತಿಯನ್ನು ಕರೆದು, ಯಾಕೆ ಹಾಗಾಯಿತೆಂದು ಕೇಳಿದ. ಸೈಜ್ ಇರಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅದೇ ತಿಂಗಳು ಸೂಪರ್‌ವೈಸರ್ ಜಾಗ ಖಾಲಿಯಾಗಿತ್ತು. ಅದಕ್ಕೆ ಸಾಹುಕಾರನ ಕಣ್ಣು ಮುರುಗೇಶಪ್ಪನ ಮೇಲಿದೆ ಎಂದು ಎಲ್ಲರಿಗೂ ಗೊತ್ತಿತ್ತು.

“ಮುರುಗೇಶಪ್ಪನೋರು ಬ್ಯಾಡ ಅಂದ್ರು,” ಎಂದ ಗುರುಮೂರ್ತಿ. “ದಿನಾ ಹಿಂಗೇ ಮಾಡ್ತಾರೆ.”

ದಿನಾ ಎಂಬುದು ಸುಳ್ಳು. ವರ್ಷಕ್ಕೆ ಮೂರು ಸಲವೋ ನಾಲ್ಕು ಸಲವೋ ಅಷ್ಟೇ.

ಶನಿವಾರ ಮುರುಗೇಶಪ್ಪನಿಗೆ ಸೋಮವಾರದಿಂದ ಬರುವುದು ಬೇಡವೆಂದರು. ಅವನು ಕೌಂಟರಿನ ಮೇಲಿದ್ದ ಅಂಗಿಗಳನ್ನೆಲ್ಲ ಮಡಚಿಟ್ಟು ಚಪ್ಪಲಿ ಮೆಟ್ಟಿದ. “ಎರಡನೇ ಶೆಲ್ಫಿನಾಗೆ ನಲವತ್ತರ ಜತಿಗೆ ನಲವತ್ತೆರಡು ಸೇರ್ಕಂಡಾವೆ, ನೋಡ್ಕ್ಯಳಪ್ಪ,” ಎಂದ. ದೂರು ಹೇಳಿದ್ದು ಯಾರೆಂದು ಅವನಿಗೆ ಗೊತ್ತಿತ್ತೋ ಇಲ್ಲವೋ, ಆ ಮುಖದಿಂದ ಏನೂ ತಿಳಿಯಲಿಲ್ಲ. ಮುಂದೆ ಹರಿಹರದ ಒಂದು ಸಣ್ಣ ಅಂಗಡಿಗೆ ಸೇರಿ, ಸಂಸಾರವನ್ನೂ ಅಲ್ಲಿಗೇ ಒಯ್ದನೆಂದು ಕೇಳಿದ್ದಷ್ಟೆ.

*

ಗುರುಮೂರ್ತಿ ಅಂಗಿ ತಂದಾಗ ಯಶೋದಾ ಅದನ್ನು ಮಡಿಲಲ್ಲಿಟ್ಟುಕೊಂಡು ಕಾಲರಿನ ಮೇಲೆ ಬೆರಳಾಡಿಸಿದಳು. ಪಕ್ಕದಲ್ಲಿ ಕೂತಿದ್ದ ತನ್ನ ಅಣ್ಣ ಮಾಲತೇಶಪ್ಪನ ಕಡೆ ತಿರುಗಿದಳು.

“ಇವ್ರೇ ನೋಡಣ್ಣ ಗುರುಮೂರ್ತಿ ಅಂದ್ರೆ. ಕೆಲಸದಿಂದ ತೆಗೆದಾಗ ಸಾಹುಕಾರನ ಹತ್ರ ಜಗಳಕ್ಕೆ ಬಿದ್ದು ಕೇಳಿದ್ರಂತೆ, ತೆಗೀಬ್ಯಾಡ್ರಿ ಅಂತ. ಅವತ್ತು ನಮ್ಮನೆಯೋರು ಮನೆಗೆ ಬಂದು ಮೊದ್ಲು ಹೇಳಿದ್ದೇ ಇದು.”

“ಇಲ್ಲಕ್ಕ,” ಎಂದ ಗುರುಮೂರ್ತಿ. “ನಾನು ಹಂಗೆ ಕೇಳ್ಲಿಲ್ಲ.”

“ದೊಡ್ಡೋರು ನೀವು. ಹೇಳ್ಕಳಲ್ಲ.”

“ಹಂಗಲ್ಲಕ್ಕ. ನಿಜವಾಗ್ಲೂ ಕೇಳ್ಲಿಲ್ಲ. ನಾನೇ...”

“ಇರ್ಲಿ ಬಿಡ್ರಿ,” ಎಂದ ಮಾಲತೇಶಪ್ಪ, ಅವನ ಬೆನ್ನು ತಟ್ಟುತ್ತ. “ಇಷ್ಟು ನೆನಸ್ಕಂಡು ಬಂದೀರಲ್ಲ, ಅದೇ ಸಾಕು. ಗಾಡಿ ಬಂದೈತೆ. ಮೊದ್ಲು ಅಂಗಿ ತೊಡಿಸನ ಬರ್ರಿ.”

ಮುರುಗೇಶಪ್ಪನ ತೊಡೆಯ ಮೇಲೆ ಮಡಿಸಿಟ್ಟಿದ್ದ ಕೈಗಳು ಆಗಲೇ ಸೆಟೆದಿದ್ದವು. ಒಂದು ತೋಳೂ ಒಳಗೆ ಹೋಗಲಿಲ್ಲ. ಮಾಲತೇಶಪ್ಪ ಒಳಗಿನಿಂದ ಕತ್ತರಿ ತರಿಸಿ ಗುರುಮೂರ್ತಿಯ ಕೈಗೆ ಕೊಟ್ಟ.

“ಬೆನ್ನಿನಾಗೆ ಸೀಳ್ರಿ. ಬಟ್ಟೆ ಕೆಲಸದೋರು, ನೀವೇ ನೇರ ಕತ್ತರಿಸ್ತೀರಿ.”

“ಹೊಸಾ ಅಂಗಿ...” ಎಂದಳು ಯಶೋದಾ.

“ಹಿಂದೆ ಯಾರು ನೋಡ್ತಾರವ್ವ?”

ಗುರುಮೂರ್ತಿ ಅಂಗಿಯನ್ನು ನೆಲದ ಮೇಲೆ ಬೋರಲು ಹಾಸಿ, ಕೆಳಗಿನ ಅಂಚಿನಿಂದ ಕಾಲರಿನವರೆಗೂ ಸೀಳಿದ. ಕಾಲರಿನ ಗಟ್ಟಿ ಬಟ್ಟೆಗೆ ಕತ್ತರಿ ಎರಡು ಸಲ ಜಾರಿತು. ಮುಂದಿನಿಂದ ತೋಳು ತೂರಿಸಿದರು. ಭುಜದ ಹೊಲಿಗೆ ಮೂಳೆಯ ಮೇಲೆ ಕೂತಿತು. ಮುಂಗೈ ಪಟ್ಟಿ ಮಣಿಕಟ್ಟಿನಲ್ಲಿ ನಿಂತಿತು.

“ಹೇಳಿ ಹೊಲಿಸಿದಂಗೆ ಐತೆ,” ಎಂದು ಬಾಗಿಲಲ್ಲಿ ಯಾರೋ ಅಂದರು.

ತೆರೆದ ಗಾಡಿಯಲ್ಲಿ ಕುರ್ಚಿ ಇಟ್ಟು ಮುರುಗೇಶಪ್ಪನನ್ನು ಕೂರಿಸಿದರು. ವಾಲದಂತೆ ಹಿಂದಿನಿಂದ ಒಬ್ಬರು ಹಿಡಿಯಬೇಕಿತ್ತು. ಗುರುಮೂರ್ತಿಯೇ ಹತ್ತಿದ. ಗಾಡಿ ಪೇಟೆಯ ಬೀದಿಗೆ ಬಂದಾಗ ಜನ ಅಂಗಡಿಗಳಿಂದಿಳಿದು ಎದುರಿನಿಂದ ಕೈಮುಗಿದರು. ಹೊಳೆ ಕಡೆಯಿಂದ ಗಾಳಿ ಬೀಸಿ, ಸೀಳಿದ ಬಟ್ಟೆ ಎರಡು ಕಡೆಗೂ ಹಾರಿ, ಎಲುಬು ಎದ್ದ ಬರಿ ಬೆನ್ನು ಕಂಡಿತು. ಗುರುಮೂರ್ತಿ ಎರಡು ಅಂಚನ್ನೂ ಕೂಡಿಸಿ ಮುಷ್ಟಿಯಲ್ಲಿ ಹಿಡಿದ. ರುದ್ರಭೂಮಿ ಬರುವವರೆಗೂ ಬಿಡಲಿಲ್ಲ.