ಗಂಗೂ ತಂದ ಹಿರಿಯರು

ಕಾಯಿ ಒಂದೇ ಏಟಿಗೆ ಒಡೆಯಿತು. ಒಳಗೆ ನೀರಿರಲಿಲ್ಲ, ಒಣಗಿ ಕೊಬ್ಬರಿಯಾಗಿತ್ತು. ಅಡಿವೆಯ್ಯ ಮಾಸ್ತರರು ಅದನ್ನು ಇಪ್ಪತ್ತಾರು ಮಕ್ಕಳಿಗೂ ಚೂರು ಮಾಡಿ ಹಂಚಿ, ಉಳಿದ ತುಂಡನ್ನು ತಮ್ಮ ಬಾಯಿಗೆ ಹಾಕಿಕೊಂಡರು.

ಹಳಿಯಾಳದಾಚೆ ಕಾಡಂಚಿನ ಊರಿಗೆ ಅವರೊಬ್ಬರೇ ಮಾಸ್ತರರು. ಶುಕ್ರವಾರದ ಕೊನೆಯ ತಾಸು ಧರ್ಮಪಾಠ. ಬಾಯಿಪಾಠ ಒಪ್ಪಿಸುತ್ತ ಮಕ್ಕಳು ತೂಕಡಿಸುತ್ತಿದ್ದವು. ಒಪ್ಪಿಸಿಕೊಳ್ಳುವವರಿಗೂ ಆಕಳಿಕೆ ಬರುತ್ತಿತ್ತು. ಅದಕ್ಕೇ ಹಿಂದಿನ ದಿನ, "ನಾಳೆ ಎಲ್ಲಾರೂ ನಿಮ್ಮ ನಿಮ್ಮ ಮನಿ ದೇವರನ್ನ ತಂದು ತೋರಸ್ರಿ, ನೋಡೂಣು," ಎಂದಿದ್ದರು. ಒಬ್ಬ ಉಳವಿಯ ಜಾತ್ರೆಯಲ್ಲಿ ಕೊಂಡ ದೇವರ ಪಟ ತಂದ. ಪಾವ್ಲು ಕೊರಳಿನ ಶಿಲುಬೆಯನ್ನೇ ಬಿಚ್ಚಿಕೊಟ್ಟ. ಸಿದ್ದಿಯರ ಹುಡುಗಿ ಗಂಗೂ, ಕುಂಕುಮ ಹಚ್ಚಿದ ತೆಂಗಿನಕಾಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಇಷ್ಟು ದೇವರಿಗೆ ಒಂದಾದರೂ ಕಾಯಿ ಬಂತಲ್ಲ ಎಂದು ಮಾಸ್ತರರು ಹಿಗ್ಗಿ, ನೈವೇದ್ಯಕ್ಕೆಂದು ಒಡೆದಿದ್ದರು.

"ತಿನ್ನವಾ ಗಂಗೂ. ಯಾಕ ಹಿಡಕೊಂಡ ನಿಂತಿ?"

ಅವಳು ಅಂಗೈಯ ಚೂರನ್ನೇ ನೋಡುತ್ತಿದ್ದಳು. "ಇದು ನಮ್ಮ ಹಿರೇರ್ರೀ, ಗುರುಗಳ. ಒಲಿ ಬಾಜೂಕ ಇರ್ತಾರ. ದೇವರ್ನ ತರ್ರಿ ಅಂದ್ರಿ, ಅದಕ್ಕ ತಂದೆ."

"ಹಿರೇರು ಅಂದ್ರ?"

"ಸತ್ತಾರಲ್ರೀ, ಅವರು. ನಮ್ಮ ಅಜ್ಜ. ಅಜ್ಜನ ಅಪ್ಪ. ಎಲ್ಲಾರೂ."

ಮಾಸ್ತರರ ದವಡೆ ನಿಂತಿತು. ಆದರೆ ಅಷ್ಟರಲ್ಲಿ ನುಂಗಿಯಾಗಿತ್ತು.

"ಅಷ್ಟೂ ಮಂದಿ ಒಂದ ಕಾಯೊಳಗ ಹೆಂಗ ಕುಂತಿದ್ರು?" ಎಂದು ಪಾವ್ಲು ಕೇಳಿದ. ಯಾರೂ ನಗಲಿಲ್ಲ. ಎಲ್ಲರಿಗೂ ಅದನ್ನೇ ತಿಳಿಯಬೇಕಿತ್ತು. ನಿಜ ಹೇಳಬೇಕೆಂದರೆ ಮಾಸ್ತರರಿಗೂ.

"ಅಜ್ಜಿಗೆ ಹೇಳಿ ತಂದೀಯೇನ?"

"ಹೇಳಿದ್ರ ಕೊಡ್ತಿರಲಿಲ್ರೀ. ಅವರ್ನ ಹೊಸ್ತಲಾ ದಾಟಸಬಾರದು." ಗಂಗೂ ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ನಾ ಮನಿಗೆ ಹೋಗೂದಿಲ್ರೀ."

ಶಾಲೆ ಬಿಟ್ಟಮೇಲೆ ಮಾಸ್ತರರೇ ಅವಳ ಕೈಹಿಡಿದು ಹೊರಟರು. ಮಾಡಿದ್ದುಣ್ಣೋ ಮಹಾರಾಯ ಎಂದು ದಾರಿಯುದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಅಜ್ಜಿ ರುಕ್ಮಾ ತಣ್ಣಗಿನ ಒಲೆಯ ಮುಂದೆ ಕುಳಿತಿದ್ದಳು. ಹಿರಿಯರು ಕಾಣೆಯಾದಾಗಿನಿಂದ ಬೆಂಕಿ ಹೊತ್ತಿಸಿರಲಿಲ್ಲ, ಮನೆಯಲ್ಲಿ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಪಕ್ಕದ ಮನೆಯಲ್ಲಿದ್ದ ಅವಳ ಮೈದುನ ಬಸ್ತ್ಯಾಂವ, ಕೊರಳಲ್ಲಿ ಪಾವ್ಲುವಿನಂಥದೇ ಶಿಲುಬೆ ಹಾಕಿಕೊಂಡವನು, ಕಟ್ಟಿಗೆ ರಾಶಿಯನ್ನೆಲ್ಲ ಕೆದರಿ ಹುಡುಕುತ್ತಿದ್ದ. ಮಾಸ್ತರರು ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಆಮೇಲೆ, ಇಂಥ ಹೊತ್ತಿನಲ್ಲೂ ತಡೆಯಲಾಗದೆ, "ನೀನು ಇಗರ್ಜಿಗೆ ಹೋಗಾಂವ ಅಲ್ಲೇನೋ?" ಎಂದು ಬಸ್ತ್ಯಾಂವನನ್ನು ಕೇಳಿದರು.

"ದೇವರು ಬ್ಯಾರೆ ಆಗಬಹುದ್ರೀ. ಸತ್ತವರು ಹೆಂಗ ಬ್ಯಾರೆ ಆಗ್ತಾರ?"

ಗಂಗೂ ಮಾಸ್ತರರ ಧೋತರದ ಹಿಂದೆ ಅವಿತಿದ್ದಳು.

"ನೀವೂ ತಿಂದ್ರ್ಯಾ?" ಎಂದು ರುಕ್ಮಾ ಮಾಸ್ತರರನ್ನು ಕೇಳಿದಳು.

"ತಿಂದೆನವಾ. ತಪ್ಪಾತು."

"ಸಿಹಿ ಇತ್ತೇನು?"

"ಇತ್ತು."

"ಅದರಾಗ ಇದ್ದ ನಮ್ಮ ಮಾವಗ ಬೆಲ್ಲ ಅಂದ್ರ ಜೀವ ಇತ್ತು," ಎಂದು ರುಕ್ಮಾ ಎದ್ದಳು.

ಬಸ್ತ್ಯಾಂವ ಹೊಸ ಕಾಯಿ ತಂದ. ಅವಳು ಅದನ್ನು ತೊಳೆದು, ಕುಂಕುಮ ಹಚ್ಚಿ, ಒಲೆಯ ಪಕ್ಕದಲ್ಲಿಟ್ಟು ಬೆಂಕಿ ಮಾಡಿದಳು. ಅನ್ನ ಬೇಯುವವರೆಗೆ ಮಾಸ್ತರರು ಕಾಯನ್ನೇ ನೋಡುತ್ತ ಕುಳಿತರು. ಅಂಗಡಿಯ ಕಾಯಿಯಂತೆಯೇ ಇತ್ತು. ಕೈಮುಗಿಯಬೇಕೋ ಬೇಡವೋ ತಿಳಿಯಲಿಲ್ಲ.

ರುಕ್ಮಾ ಮೊದಲ ಎಲೆಯನ್ನು ಅವರ ಮುಂದೆಯೇ ಹಾಕಿದಳು. "ಹಿರೇರು ನಿಮ್ಮ ಹೊಟ್ಟ್ಯಾಗ ಅದಾರ. ಮೊದಲ ಅವರು ಉಣ್ಣಬೇಕು. ಆಮ್ಯಾಲ ನಾವು."

ಜಂಗಮರ ಅಡಿವೆಯ್ಯ ಆವರೆಗೆ ಬೇರೆ ಜಾತಿಯವರ ಮನೆಯಲ್ಲಿ ನೀರು ಸಹ ಮುಟ್ಟಿದವರಲ್ಲ. ಕಾಯಿಗೆ ಮೈಲಿಗೆಯಿಲ್ಲ, ಅನ್ನದ ಮಾತು ಬೇರೆ. ತಿಳಿದರೆ ಅವರ ಸ್ವಂತ ಊರಲ್ಲಿ ತಾಯಿ ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಹೆದರಿಕೆಯಾಯಿತು. ಗಂಗೂ ಎದುರಿಗೆ ಕುಳಿತು, ಅನ್ನದ ಹಬೆಯನ್ನು ನೋಡುತ್ತ ಉಗುಳು ನುಂಗಿದಳು.

ಮಾಸ್ತರರು ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಅವರು ಅಗಿದು ನುಂಗುವವರೆಗೂ ರುಕ್ಮಾ ಕಾದಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡು, ಅವಳಿಗೂ ಬಡಿಸಿದಳು.